ಮನೆ ಹೆಸರು ಮೊದಲು, ನನ್ನ ಹೆಸರು ಆಮೇಲೆ

ಕೊಡಗಿನಲ್ಲಿ ಹೊಸಬರು ಎದುರಾದರೆ ಮೊದಲು ಕೇಳುವುದು ಹೆಸರನ್ನಲ್ಲ, 'ಯಾವ ಮನೆಯವರು?' ಎಂದು. ಮಡಿಕೇರಿ ಬಸ್ ಸ್ಟ್ಯಾಂಡಿನಲ್ಲಿ, ಗೋಣಿಕೊಪ್ಪದ ಸಂತೆಯಲ್ಲಿ, ಮದುವೆಯ ಊಟದ ಸಾಲಿನಲ್ಲಿ ಇದೇ ಪ್ರಶ್ನೆ. ಮನೆ ಹೆಸರು ಹೇಳಿದರೆ ಸಾಕು, ನಮ್ಮ ತಾತ ಯಾರು, ಅಮ್ಮನ ತವರು ಯಾವ ಊರು, ತೋಟ ಎಷ್ಟು ಎಕರೆ ಎಂಬುದನ್ನು ಕೇಳಿದವರೇ ನಮಗೆ ಹೇಳಿಬಿಡುತ್ತಾರೆ. ಕೊಡವರಲ್ಲೂ ಅರೆಭಾಷೆ ಗೌಡರಲ್ಲೂ ಬರೆಯುವಾಗ ಮನೆ ಹೆಸರು ಮೊದಲು, ಸ್ವಂತ ಹೆಸರು ಆಮೇಲೆ. 1997ರಲ್ಲಿ ಶುರುವಾದ ಕೊಡವ ಹಾಕಿ ಹಬ್ಬದಲ್ಲಿ ಸೆಣಸುವುದು ಊರುಗಳಲ್ಲ, ಮನೆತನಗಳು. 2011ರ ಜನಗಣತಿಯ ಪ್ರಕಾರ ಜಿಲ್ಲೆಯ ಜನಸಂಖ್ಯೆ 5,54,519. ರಾಜ್ಯದಲ್ಲೇ ಅತಿ ಕಡಿಮೆ. ಇಂಥ ಕಡೆ ಒಬ್ಬಳು ತನ್ನ ಬದುಕಿನ ಬಗ್ಗೆ ನಾಲ್ಕು ಸಾಲು ಬರೆದರೆ, ಅವಳು ಹೆಸರಿಸದವರೂ ಸಂಜೆಯೊಳಗೆ ಎಲ್ಲರಿಗೂ ಗುರುತಾಗಿರುತ್ತಾರೆ.

ನಾನು ಬರೆದದ್ದು ಅಪ್ಪನ ಕುಡಿತದ ಬಗ್ಗೆ. ಅಪ್ಪ ತೀರಿಕೊಂಡು ಎರಡು ವರ್ಷವಾಗಿತ್ತು. ಅವರು ಒಳ್ಳೆಯವರಾಗಿದ್ದರು, ಮೆಣಸಿನ ಬಳ್ಳಿಯನ್ನು ಮಕ್ಕಳಂತೆ ನೋಡಿಕೊಂಡರು, ಕೊನೆಯ ಹತ್ತು ವರ್ಷ ಕುಡಿದು ಅಮ್ಮನನ್ನು ಸಾಯುವಷ್ಟು ದಣಿಸಿದರು. ಮೂರನ್ನೂ ಬರೆದೆ. ನಮ್ಮಲ್ಲಿ ಮದುವೆಗೆ, ಹಬ್ಬಕ್ಕೆ ಗ್ಲಾಸು ಹೊಸದಲ್ಲ. ಅದರಿಂದ ಒಂದು ಮನೆ ಒಳಗೊಳಗೇ ಮುರಿಯಿತು ಎಂದು ಹೇಳುವುದು ಹೊಸದು. ಮರುದಿನ ಬೆಳಿಗ್ಗೆ ದೊಡ್ಡಪ್ಪ ಫೋನ್ ಮಾಡಿದರು. ಸಿಟ್ಟಿನ ದನಿಯಿರಲಿಲ್ಲ. 'ಎಂತಕ್ಕೆ ಬರೆದದ್ದು ಮಗಳೇ? ಅದೂ ಕನ್ನಡದಲ್ಲಿ. ಈಗ ಎಲ್ಲರಿಗೂ ಓದಲಿಕ್ಕೆ ಆಗುತ್ತದೆ. ನೀನು ಬರೆದದ್ದು ನಿನ್ನ ಅಪ್ಪನ ಬಗ್ಗೆ ಅಲ್ಲ, ಮನೆಯ ಬಗ್ಗೆ.'

ಮನೆಯೊಳಗೆ ಆಡುವ ಭಾಷೆ ಒಂದು, ಪೇಟೆಯಲ್ಲಿ, ಶಾಲೆಯಲ್ಲಿ, ಕಚೇರಿಯಲ್ಲಿ ಕನ್ನಡ. ಹಾಗಾಗಿ ಕನ್ನಡದಲ್ಲಿ ಬರೆಯುವುದೆಂದರೆ ನಮಗೆ ಅಂಗಳ ದಾಟಿದಂತೆ. ದೊಡ್ಡಪ್ಪನ ಆ ಮಾತು ನನ್ನನ್ನು ಬಹಳ ದಿನ ಕಾಡಿತು. ಅವರು ಕಾಪಾಡಲು ಹೊರಟದ್ದು ಯಾರ ಖಾಸಗಿತನವನ್ನು? ಅಪ್ಪನದ್ದೇ? ಅಮ್ಮನದ್ದೇ? ಇಬ್ಬರದ್ದೂ ಅಲ್ಲ, ಅದು ಮನೆಯ ಮರ್ಯಾದೆ. ನಮ್ಮ ಜಿಲ್ಲೆಯಲ್ಲಿ ಈ ಎರಡನ್ನೂ ಒಂದೇ ಎಂದುಕೊಂಡಿರುವುದರಿಂದಲೇ ಮಾತಾಡಬೇಕಾದವರು ಬಾಯಿ ಮುಚ್ಚಿದ್ದಾರೆ, ಬಾಯಿ ಮುಚ್ಚಬೇಕಾದ ಕಡೆ ಎಲ್ಲರೂ ಮಾತಾಡುತ್ತಿದ್ದಾರೆ ಎಂದು ನನಗೆ ಅನ್ನಿಸುತ್ತದೆ. ಖಾಸಗಿತನ ಮನುಷ್ಯರದು, ಮರ್ಯಾದೆ ಮನೆತನದ್ದು. ಕಾನೂನು ಈ ವ್ಯತ್ಯಾಸವನ್ನು ನಾನು ಅಂದುಕೊಂಡಿದ್ದಕ್ಕಿಂತ ಚೆನ್ನಾಗಿ ಗುರುತಿಸಿದೆ.

ಸಂವಿಧಾನದ 19(1)(ಎ) ವಿಧಿ ಎಲ್ಲ ನಾಗರಿಕರಿಗೂ ವಾಕ್ ಮತ್ತು ಅಭಿವ್ಯಕ್ತಿ ಸ್ವಾತಂತ್ರ್ಯ ಕೊಡುತ್ತದೆ. 19(2) ಅದಕ್ಕೆ ಬೇಲಿ ಹಾಕುತ್ತದೆ: ದೇಶದ ಸಾರ್ವಭೌಮತೆ ಮತ್ತು ಅಖಂಡತೆ, ರಾಜ್ಯದ ಭದ್ರತೆ, ವಿದೇಶಗಳೊಡನೆ ಸ್ನೇಹ ಸಂಬಂಧ, ಸಾರ್ವಜನಿಕ ಸುವ್ಯವಸ್ಥೆ, ಸಭ್ಯತೆ ಅಥವಾ ನೈತಿಕತೆ, ನ್ಯಾಯಾಂಗ ನಿಂದನೆ, ಮಾನಹಾನಿ, ಅಪರಾಧಕ್ಕೆ ಪ್ರಚೋದನೆ. ಸರ್ಕಾರ ಮಾತಿಗೆ ತಡೆ ಹಾಕಬೇಕಿದ್ದರೆ ಈ ಎಂಟರಲ್ಲಿ ಒಂದನ್ನಾದರೂ ತೋರಿಸಬೇಕು. ಓದಿದವರಿಗೆ ಬೇಸರವಾಯಿತು, ಕಿರಿಕಿರಿಯಾಯಿತು ಎಂಬುದು ಆ ಪಟ್ಟಿಯಲ್ಲಿ ಇಲ್ಲ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಸೆಕ್ಷನ್ ಸೋತದ್ದು ಇಲ್ಲಿಯೇ. 2012ರಲ್ಲಿ ಮಹಾರಾಷ್ಟ್ರದ ಪಾಲ್ಘರ್‌ನಲ್ಲಿ ಬಂದ್ ಬಗ್ಗೆ ಫೇಸ್‌ಬುಕ್‌ನಲ್ಲಿ ಬರೆದ ಒಬ್ಬ ಯುವತಿಯನ್ನೂ ಅದನ್ನು ಲೈಕ್ ಮಾಡಿದ ಇನ್ನೊಬ್ಬಳನ್ನೂ ಪೊಲೀಸರು ಬಂಧಿಸಿದರು. ಆ ಸೆಕ್ಷನ್ನಿನಲ್ಲಿ ಕಿರಿಕಿರಿ, ಅನನುಕೂಲ ಉಂಟುಮಾಡುವುದಕ್ಕೂ ಮೂರು ವರ್ಷದ ತನಕ ಜೈಲು ಇತ್ತು. 2015ರ ಮಾರ್ಚ್ 24ರಂದು ಶ್ರೇಯಾ ಸಿಂಘಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದನ್ನು ಪೂರ್ತಿ ರದ್ದು ಮಾಡಿತು. ಚರ್ಚೆ, ಪ್ರತಿಪಾದನೆ, ಪ್ರಚೋದನೆ ಎಂಬ ಮೂರನ್ನು ಬೇರೆ ಮಾಡಿ, ಮೊದಲ ಎರಡು ಎಷ್ಟೇ ಅಪ್ರಿಯವಾಗಿದ್ದರೂ ಹಕ್ಕೇ, ಪ್ರಚೋದನೆಯ ಹಂತಕ್ಕೆ ಮುಟ್ಟಿದಾಗ ಮಾತ್ರ ತಡೆ ಎಂದಿತು. ಆಮೇಲೂ ವರ್ಷಗಟ್ಟಲೆ ಠಾಣೆಗಳಲ್ಲಿ ಸತ್ತ ಸೆಕ್ಷನ್ನಿನಡಿ ಕೇಸು ದಾಖಲಾಗುತ್ತಲೇ ಇದ್ದವು. ಯಾರನ್ನೂ ಅದರಡಿ ವಿಚಾರಣೆಗೆ ಗುರಿಪಡಿಸಬಾರದೆಂದು 2022ರ ಅಕ್ಟೋಬರ್‌ನಲ್ಲಿ ಕೋರ್ಟು ಮತ್ತೆ ಹೇಳಬೇಕಾಯಿತು.

ಮಾನಹಾನಿ ಮಾತ್ರ ಪಟ್ಟಿಯಲ್ಲಿದೆ, ಮನೆಮಂದಿ ಹೆದರಿಸುವುದೂ ಅದನ್ನೇ ಹೇಳಿ. ಹಾಗಾಗಿ ಅದನ್ನು ಸ್ವಲ್ಪ ಬಿಡಿಸಿ ನೋಡಬೇಕು. ಹಿಂದೆ ಐಪಿಸಿ 499 ಮತ್ತು 500 ಆಗಿದ್ದದ್ದು 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 356ನೇ ಸೆಕ್ಷನ್. ಶಿಕ್ಷೆ ಎರಡು ವರ್ಷದವರೆಗೆ ಸಾದಾ ಸೆರೆವಾಸ, ಅಥವಾ ದಂಡ, ಅಥವಾ ಎರಡೂ, ಇಲ್ಲವೇ ಸಮುದಾಯ ಸೇವೆ. ಮಾನಹಾನಿ ಅಪರಾಧವಾಗಿ ಉಳಿಯಬೇಕೇ ಎಂಬ ಪ್ರಶ್ನೆಗೆ 2016ರಲ್ಲಿ ಸುಬ್ರಮಣಿಯನ್ ಸ್ವಾಮಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಉಳಿಯಲಿ ಎಂದಿದೆ. ಆ ತೀರ್ಪು ನನಗೆ ಇಂದಿಗೂ ಸರಿ ಕಾಣುವುದಿಲ್ಲ. ಹೋದ ಮಾನಕ್ಕೆ ಪರಿಹಾರ ಕೇಳಲು ಸಿವಿಲ್ ದಾವೆ ಇರುವಾಗ ಜೈಲಿನ ಭಯ ಯಾಕೆ? ಆದರೆ ಒಂದು ಸಂಗತಿ ಎಲ್ಲರಿಗೂ ಗೊತ್ತಿರಲಿ. ಮಾನಹಾನಿಗೆ ಪೊಲೀಸರು ತಾವಾಗಿ ಎಫ್‌ಐಆರ್ ಹಾಕುವಂತಿಲ್ಲ. ನೊಂದವರು ಮ್ಯಾಜಿಸ್ಟ್ರೇಟರ ಮುಂದೆ ಖಾಸಗಿ ದೂರು ಕೊಡಬೇಕು. ಆದ್ದರಿಂದ 'ಸ್ಟೇಷನ್ನಿಗೆ ಕರೆಸುತ್ತೇವೆ' ಎಂಬ ಬೆದರಿಕೆಯಲ್ಲಿ ಕಾನೂನಿಗಿಂತ ಪರಿಚಯದ ಬಲವೇ ಜಾಸ್ತಿ.

ಬರೆಯುವವರು ತಪ್ಪು ತಿಳಿದುಕೊಂಡಿರುವುದೂ ಒಂದಿದೆ. 'ನಿಜ ಹೇಳಿದರೆ ಕೇಸು ನಿಲ್ಲುವುದಿಲ್ಲ' ಎನ್ನುತ್ತಾರೆ. ಕ್ರಿಮಿನಲ್ ಮಾನಹಾನಿಯಲ್ಲಿ ನಿಜ ಒಂದೇ ಸಾಲದು. ನಿಜವಾಗಿರಬೇಕು, ಜೊತೆಗೆ ಅದನ್ನು ಪ್ರಕಟಿಸುವುದು ಸಾರ್ವಜನಿಕ ಹಿತಕ್ಕಾಗಿ ಇರಬೇಕು. ಪಕ್ಕದ ಮನೆಯ ಗಂಡಹೆಂಡಿರ ಜಗಳ ನೂರಕ್ಕೆ ನೂರು ನಿಜವಿರಬಹುದು, ಊರಿಗೆ ಹೇಳುವುದರಿಂದ ಯಾರ ಹಿತವೂ ಆಗದು. ಸತ್ತವರ ಬಗ್ಗೆ ಬರೆದರೂ ಮಾನಹಾನಿಯಾಗಬಹುದು ಎಂದು ಆ ಸೆಕ್ಷನ್ನಿನ ಮೊದಲ ವಿವರಣೆ ಹೇಳುತ್ತದೆ. ಆದರೆ ಅದಕ್ಕೆ ಹತ್ತಿರದ ಬಂಧುಗಳ ಮನಸ್ಸು ನೋಯಿಸುವ ಉದ್ದೇಶವಿರಬೇಕು. ಎರಡನೆಯ ವಿವರಣೆ ಕಂಪನಿ, ಸಂಘ, ಜನರ ಗುಂಪಿಗೂ ಮಾನ ಉಂಟೆನ್ನುತ್ತದೆ. ಇದನ್ನು ಓದಿದಾಗ ನನಗೆ ಒಕ್ಕದ, ಅಂದರೆ ನಮ್ಮ ಮನೆತನದ, ನೆನಪಾಯಿತು. ಗುಂಪು ಎಂದರೆ ಇಂತಿಷ್ಟು ಜನ ಎಂದು ಗುರುತಿಸಬಲ್ಲಂತಿರಬೇಕು ಎಂಬುದು ನ್ಯಾಯಾಲಯಗಳು ಹಿಡಿದುಕೊಂಡು ಬಂದ ಅಳತೆ. 'ಕೊಡಗಿನವರು ಹೀಗೆ' ಎಂದು ಬರೆದರೆ ಯಾರೋ ಒಬ್ಬರು ಕೇಸು ಹಾಕಿ ಗೆಲ್ಲುವುದು ಕಷ್ಟ. ಒಂದೇ ಐನ್‌ಮನೆಯ, ಅಂದರೆ ಮನೆತನದ ಮೂಲಮನೆಯ, ಹೆಸರು ಹಿಡಿದು 'ಇವರೆಲ್ಲ ಹೀಗೆ' ಎಂದರೆ ಆ ಅಳತೆಯೊಳಗೆ ಬೀಳಲೂಬಹುದು. ಒಂದು ಮನೆತನದ ಎಲ್ಲರನ್ನೂ ಒಂದೇ ಮಾತಿನಲ್ಲಿ ಹಳಿಯಲು ನಾನು ಹೋಗುವುದಿಲ್ಲ, ಕಾನೂನಿನ ಭಯಕ್ಕಲ್ಲ, ಅದು ಸುಳ್ಳಾಗಿರುತ್ತದೆ ಎಂಬ ಕಾರಣಕ್ಕೆ.

ಖಾಸಗಿತನದ ಕಡೆಗೆ ಬಂದರೆ ದಾರಿ ಬೇರೆ. ಇಲ್ಲಿ ಮೊದಲು ನೆನಪಾಗಬೇಕಾದ್ದು ತಮಿಳುನಾಡಿನ ಮರಣದಂಡನೆಯ ಕೈದಿ ಆಟೋ ಶಂಕರ್. ಜೈಲಿನಲ್ಲಿ ಕೂತು ತನ್ನ ಜೀವನವನ್ನು ಬರೆದು ಹೆಂಡತಿಯ ಮೂಲಕ ಹೊರಗೆ ಕಳಿಸಿದ. ಅದರಲ್ಲಿ ಅಧಿಕಾರಿಗಳೊಂದಿಗೆ ಅವನಿಗಿದ್ದ ನಂಟಿನ ವಿವರಗಳಿದ್ದವು. ನಕ್ಕೀರನ್ ಪತ್ರಿಕೆ ಅದನ್ನು ಪ್ರಕಟಿಸದಂತೆ ಜೈಲು ಇಲಾಖೆಯ ಮೇಲಧಿಕಾರಿ ಪತ್ರ ಬರೆದರು. 1994ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇದು: ಸರ್ಕಾರಕ್ಕಾಗಲಿ ಅಧಿಕಾರಿಗಳಿಗಾಗಲಿ ಪ್ರಕಟಣೆಗೆ ಮೊದಲೇ ತಡೆ ಹಾಕುವ ಅಧಿಕಾರವಿಲ್ಲ, ಅಧಿಕಾರದಲ್ಲಿರುವವರು ತಮ್ಮ ಕೆಲಸಕ್ಕೆ ಸಂಬಂಧಿಸಿದ ವಿಷಯದಲ್ಲಿ ಖಾಸಗಿತನದ ನೆಪ ಹೇಳುವಂತಿಲ್ಲ. ಆದರೆ ಸಾಮಾನ್ಯರ ಸಂಸಾರ, ಮದುವೆ, ತಾಯ್ತನ, ಮಕ್ಕಳ ವಿಷಯವನ್ನು ಅವರ ಒಪ್ಪಿಗೆಯಿಲ್ಲದೆ ಪ್ರಕಟಿಸಬಾರದು, ಅದು ನಿಜವೇ ಆಗಿರಲಿ ಸುಳ್ಳೇ ಆಗಿರಲಿ, ಹೊಗಳಿಕೆಯಾಗಲಿ ತೆಗಳಿಕೆಯಾಗಲಿ. ಸಾರ್ವಜನಿಕ ದಾಖಲೆಗಳಲ್ಲಿ ಇದ್ದದ್ದಕ್ಕೆ ಆ ತಡೆಯಿಲ್ಲ, ಆದರೆ ಲೈಂಗಿಕ ದೌರ್ಜನ್ಯಕ್ಕೆ ಒಳಗಾದ ಹೆಣ್ಣಿನ ಹೆಸರು ದಾಖಲೆಯಲ್ಲಿದ್ದರೂ ಬರೆಯುವಂತಿಲ್ಲ.

ಆಮೇಲೆ 2017ರ ಆಗಸ್ಟ್ 24. ಅರ್ಜಿ ಹಾಕಿದವರು ನಮ್ಮ ರಾಜ್ಯದ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ, ಆಗ ಅವರಿಗೆ ತೊಂಬತ್ತು ದಾಟಿತ್ತು. ಒಂಬತ್ತು ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ಖಾಸಗಿತನ ಮೂಲಭೂತ ಹಕ್ಕು ಎಂದಿತು. ಎಲ್ಲರೂ ಉಲ್ಲೇಖಿಸುವುದು ಇಷ್ಟನ್ನೇ. ಆ ತೀರ್ಪಿನಲ್ಲಿ ನನಗೆ ಬೇಕಾದ್ದು ಇನ್ನೆರಡು ಮಾತು. ಒಂದು, ಖಾಸಗಿತನ ವ್ಯಕ್ತಿಯದು. ಸಾರ್ವಜನಿಕ ಸ್ಥಳಕ್ಕೆ ಬಂದ ಮಾತ್ರಕ್ಕೆ ಅದು ಹೋಗಿಬಿಡುವುದಿಲ್ಲ. ಇನ್ನೊಂದು, ಮನೆಯೊಳಗೆ ಹೆಣ್ಣಿನ ಘನತೆಗೆ ಆಗುವ ಪೆಟ್ಟನ್ನು ಮುಚ್ಚಿಡಲು ಖಾಸಗಿತನವನ್ನು ಪರದೆ ಮಾಡಿಕೊಳ್ಳಬಾರದು. ದೊಡ್ಡಪ್ಪನ ಫೋನಿಗೆ ಆ ಹೊತ್ತು ನನ್ನಲ್ಲಿ ಇಲ್ಲದ ಉತ್ತರ ಇದೇ ಆಗಿತ್ತು. ಸತ್ತವರ ವಿಷಯವನ್ನು ಮದ್ರಾಸ್ ಹೈಕೋರ್ಟ್ 2021ರಲ್ಲಿ ಜಯಲಲಿತಾ ಅವರ ಬದುಕನ್ನು ಆಧರಿಸಿದ ಚಿತ್ರದ ಪ್ರಕರಣದಲ್ಲಿ ನೋಡಿದೆ. ಒಬ್ಬರ ಖಾಸಗಿತನ ಅವರ ಉಸಿರಿನೊಂದಿಗೆ ಮುಗಿಯುತ್ತದೆ, ವಾರಸುದಾರರಿಗೆ ಬರುವುದಿಲ್ಲ ಎಂಬುದು ಅದರ ನಿಲುವು. ಅಂದರೆ ಖಾಸಗಿತನ, ತಲೆಮಾರುಗಳಿಂದ ಬಂದ ಜಮ್ಮಾ ಜಾಗದ ಹಾಗೆ ಒಕ್ಕದ ಸೊತ್ತಲ್ಲ.

ಇಷ್ಟು ಹೇಳಿ ನಿಲ್ಲಿಸಿದರೆ ಬರೆಯುವವಳ ಪರವಾಗಿ ಮಾತ್ರ ವಾದಿಸಿದಂತಾಗುತ್ತದೆ. ನಾನು ಇನ್ನೊಂದು ಬದಿಯಲ್ಲೂ ಇದ್ದವಳು.

2018ರ ಆಗಸ್ಟಿನಲ್ಲಿ ಮಕ್ಕಂದೂರು, ಕಾಲೂರು, ಹಟ್ಟಿಹೊಳೆ, ಜೋಡುಪಾಲದ ಕಡೆ ಗುಡ್ಡಗಳು ಕರಗಿ ಇಳಿದವಲ್ಲ, ಆಗ ನಮ್ಮ ಮನೆಯ ಹಿಂದಿನ ಮಣ್ಣಿನ ಬರೆಯೂ ಜರಿಯಿತು. ಉಟ್ಟ ಬಟ್ಟೆಯಲ್ಲಿ ಪರಿಹಾರ ಕೇಂದ್ರ ಸೇರಿದೆವು. ಮೂರನೇ ದಿನ ಅಮ್ಮನ ಫೋಟೊ ಮೊಬೈಲಿನಿಂದ ಮೊಬೈಲಿಗೆ ಹರಿದಾಡಿತು. ತಲೆಗೆ ಟವೆಲ್ ಸುತ್ತಿ, ಯಾರೋ ಕೊಟ್ಟ ಅಳತೆ ಮೀರಿದ ನೈಟಿ ತೊಟ್ಟು, ತಟ್ಟೆ ಹಿಡಿದು ಅನ್ನದ ಸಾಲಿನಲ್ಲಿ ನಿಂತಿದ್ದರು. ತೆಗೆದವರ ಮನಸ್ಸು ಕೆಟ್ಟದ್ದಲ್ಲ. ಅದನ್ನು ನೋಡಿಯೇ ಎಲ್ಲಿಂದಲೋ ಕಂಬಳಿ, ಅಕ್ಕಿ ಬಂದವು. ಫೋಟೊದಲ್ಲಿ ಸುಳ್ಳೂ ಇರಲಿಲ್ಲ. ಆದರೆ ಅಮ್ಮ ಒಂದು ವರ್ಷ ಯಾರ ಮದುವೆಗೂ ಹೋಗಲಿಲ್ಲ. 'ನನ್ನ ಕೈಯಲ್ಲಿ ತಟ್ಟೆ ಇದ್ದದ್ದನ್ನು ಎಲ್ಲರೂ ನೋಡಿದ್ದಾರೆ' ಎನ್ನುತ್ತಿದ್ದರು. ಆ ಒಂದು ವರ್ಷ ನಾನು ಫೋಟೊ ತೆಗೆದವರನ್ನು ಮನಸ್ಸಿನಲ್ಲೇ ಬೈದೆ. ಅಪ್ಪನ ಬಗ್ಗೆ ಬರೆಯಲು ಕೂತಾಗ ಆ ಬೈಗುಳ ನನಗೇ ತಿರುಗಿ ಬಂತು. ಅಮ್ಮನ ದಣಿವನ್ನು ಊರಿಗೆ ತೋರಿಸಲು ನಾನು ಯಾರು?

ಅಲ್ಲಿಂದ ನನಗೆ ಮುಖ್ಯವಾದ ಪ್ರಶ್ನೆ ನಿಜವೋ ಸುಳ್ಳೋ ಎಂಬುದಲ್ಲ. ಇದನ್ನು ಓದಿದವರು ಯಾರನ್ನು ಗುರುತಿಸುತ್ತಾರೆ, ಗುರುತಾದವರಿಗೆ ಉತ್ತರ ಕೊಡಲು ದಾರಿಯಿದೆಯೇ ಎಂಬುದು. ಗುರುತಿನ ವಿಷಯದಲ್ಲಿ ಕಾನೂನು ಕೊಡಗಿನಂಥ ಜಾಗವನ್ನೇ ಕಣ್ಮುಂದೆ ಇಟ್ಟುಕೊಂಡಂತೆ ಬರೆದಿರುವ ಸೆಕ್ಷನ್ ಒಂದಿದೆ. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ ಪೋಕ್ಸೊ ಕಾಯ್ದೆಯ 23ನೇ ಸೆಕ್ಷನ್ ಮಗುವಿನ ಹೆಸರು, ವಿಳಾಸ, ಫೋಟೊ ಮಾತ್ರವಲ್ಲ, ಕುಟುಂಬದ ವಿವರ, ಶಾಲೆ, ನೆರೆಹೊರೆಯನ್ನೂ ಮಾಧ್ಯಮದಲ್ಲಿ ಹೇಳಬಾರದು ಎನ್ನುತ್ತದೆ. 2018ರ ಡಿಸೆಂಬರ್‌ನಲ್ಲಿ ನಿಪುಣ್ ಸಕ್ಸೇನಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇನ್ನೂ ಬಿಗಿ ಮಾಡಿ, ಸಂತ್ರಸ್ತೆಯ ಗುರುತು ದೂರದಿಂದಲೂ ಸಿಗುವಂಥ ವಿವರ ಕೂಡದು ಎಂದಿತು. ಬೆಂಗಳೂರಿನಲ್ಲಿ ಬಡಾವಣೆಯ ಹೆಸರು ಹಾಕಿದರೆ ಏನೂ ಆಗದಿರಬಹುದು. ಇಲ್ಲಿ ಊರಿನ ಹೆಸರು, ತೋಟದ ಹೆಸರು, ಹುಡುಗಿಯ ವಯಸ್ಸು ಮೂರು ಸೇರಿದರೆ ಮುಗಿಯಿತು. ಆದರೂ ಇಂಥ ಸುದ್ದಿ ಬಂದ ಅರ್ಧ ಗಂಟೆಯಲ್ಲಿ ಊರಿನ ವಾಟ್ಸ್ಆ್ಯಪ್ ಗುಂಪಿನಲ್ಲಿ 'ಯಾವ ಮನೆ?' ಎಂಬ ಪ್ರಶ್ನೆ ಬಿದ್ದಿರುತ್ತದೆ, ಯಾರಾದರೂ ಉತ್ತರವನ್ನೂ ಕೊಟ್ಟಿರುತ್ತಾರೆ. ಹತ್ತಿಪ್ಪತ್ತು ಹಿರಿಯರಿರುವ ಗುಂಪಿನಲ್ಲೂ 'ಕೇಳಬೇಡಿ' ಎಂದವರನ್ನು ನಾನು ಕಂಡದ್ದು ಬಹಳ ಕಡಿಮೆ. ಅಪ್ಪನ ಕುಡಿತದ ಬಗ್ಗೆ ಬರೆದರೆ ಮರ್ಯಾದೆ ಹೋಯಿತೆನ್ನುವ ನಾವು ಒಂದು ಮಗುವಿನ ಬದುಕು ಬಯಲಾಗುವಾಗ ಸುಮ್ಮನಿರುತ್ತೇವೆ.

ಗುಂಪಿನ ಅಡ್ಮಿನ್‌ಗಳಿಗೂ ಒಂದು ಮಾತು. ಬೇರೆಯವರು ಹಾಕಿದ ಸಂದೇಶಕ್ಕೆ ಅಡ್ಮಿನ್ ಎಂಬ ಒಂದೇ ಕಾರಣಕ್ಕೆ ಹೊಣೆಯಾಗುವುದಿಲ್ಲ ಎಂದು 2021ರಲ್ಲಿ ಬಾಂಬೆ ಹೈಕೋರ್ಟಿನ ನಾಗಪುರ ಪೀಠವೂ 2022ರಲ್ಲಿ ಕೇರಳ ಹೈಕೋರ್ಟೂ ಹೇಳಿವೆ. ಹಾಗಾಗಿ ಭಯದಿಂದ ಗುಂಪನ್ನೇ ಮುಚ್ಚಬೇಕಿಲ್ಲ. ಮಗುವಿನ ಗುರುತು ಬಂದಾಗ ಅಳಿಸುವುದು ಮಾತ್ರ ಅವರ ಕೈಯಲ್ಲೇ ಇದೆ.

ಇನ್ನು ತೋಟದ ಕೆಲಸಗಾರರ ಲೈನ್ ಮನೆಗಳು, ಆದಿವಾಸಿಗಳ ಹಾಡಿಗಳು. ಇವರ ಖಾಸಗಿತನದ ಬಗ್ಗೆ ನಮ್ಮಲ್ಲಿ ಯಾರೂ ಮಾತನ್ನೇ ಆಡುವುದಿಲ್ಲ. ಹೋಂಸ್ಟೇಗೆ ಬಂದವರು ಕಾಫಿ ಕೊಯ್ಯುವ ಹೆಂಗಸರ ಮುಖಕ್ಕೆ ಕ್ಯಾಮೆರಾ ಹಿಡಿಯುತ್ತಾರೆ, ಜೇನು ಕುರುಬರ, ಯರವರ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ರೀಲ್ಸ್ ಮಾಡುತ್ತಾರೆ. ನಾವು, ತೋಟದ ಯಜಮಾನರು, ಪಕ್ಕದಲ್ಲಿ ನಿಂತು ನೋಡುತ್ತೇವೆ. ಕೆಲಸಕ್ಕೆ ಬಂದವಳು 'ಬೇಡ' ಎನ್ನಬಹುದೇ ಎಂದು ಅವಳನ್ನು ಕೇಳಿದವರಿಲ್ಲ. ಹಾಗೆಂದು ಫೋಟೊ ಎಂಬುದೇ ತಪ್ಪು ಎಂದು ನಾನು ಹೇಳಲಾರೆ. 2016ರ ಡಿಸೆಂಬರ್‌ನಲ್ಲಿ ದಿಡ್ಡಳ್ಳಿಯಲ್ಲಿ ಆದಿವಾಸಿಗಳ ಗುಡಿಸಲುಗಳನ್ನು ಕೆಡವಿದಾಗ ಅಲ್ಲಿನ ಚಿತ್ರಗಳು ಹೊರಗೆ ಬರದಿದ್ದರೆ ಆ ಹೆಸರೇ ರಾಜ್ಯಕ್ಕೆ ಗೊತ್ತಾಗುತ್ತಿರಲಿಲ್ಲ. ಅಲ್ಲಿನವರು ತಮ್ಮನ್ನು ನೋಡಿ ಎಂದೇ ನಿಂತಿದ್ದರು. ಆ ಚಿತ್ರ ಅವರ ಮಾತಾಗಿತ್ತು. ನಮ್ಮ ಅಮ್ಮ ಸಾಲಿನಲ್ಲಿ ನಿಂತದ್ದು ಅನ್ನಕ್ಕೆ.

ಹೊಸ ಕಾನೂನು ಈ ಗಂಟನ್ನು ಬಿಡಿಸುತ್ತದೆಯೇ ಎಂದು ನೋಡಿದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಗೆ 2025ರ ನವೆಂಬರ್‌ನಲ್ಲಿ ನಿಯಮಗಳು ಬಂದಿವೆ, ಹಂತಹಂತವಾಗಿ ಜಾರಿಯಾಗುತ್ತಿವೆ. ಅದರ 3ನೇ ಸೆಕ್ಷನ್ನಿನಲ್ಲಿ ಒಂದು ಉದಾಹರಣೆಯಿದೆ: ಒಬ್ಬಳು ತನ್ನ ಅಭಿಪ್ರಾಯಗಳನ್ನು ಬ್ಲಾಗಿನಲ್ಲಿ ಬರೆಯುತ್ತ ತನ್ನದೇ ವೈಯಕ್ತಿಕ ವಿವರಗಳನ್ನು ಸಾಮಾಜಿಕ ಜಾಲತಾಣದಲ್ಲಿ ಬಹಿರಂಗ ಮಾಡಿದರೆ ಅದಕ್ಕೆ ಈ ಕಾಯ್ದೆ ಅನ್ವಯಿಸುವುದಿಲ್ಲ. ನನ್ನಂಥವಳನ್ನು ಕಾಯ್ದೆಯೊಳಗೇ ಕಂಡು ಸಂತೋಷವಾಯಿತು. ಆದರೆ ತನ್ನ ಬದುಕು ಬರೆಯುವವಳು ಅಮ್ಮನನ್ನು, ಗಂಡನನ್ನು, ಅತ್ತಿಗೆಯನ್ನು ಬಿಟ್ಟು ಬರೆಯುವುದು ಹೇಗೆ? ಅವರ ವಿವರ ಅವರು ಬಹಿರಂಗ ಮಾಡಿದ್ದಲ್ಲ. 2018 ಮತ್ತು 2019ರ ಕರಡುಗಳಲ್ಲಿ ಪತ್ರಿಕಾವೃತ್ತಿಗೆ ವಿನಾಯಿತಿ ಇತ್ತು, 2023ರ ಕಾಯ್ದೆಯಲ್ಲಿ ಅದೂ ಇಲ್ಲ. ಕಾಯ್ದೆಯ 44ನೇ ಸೆಕ್ಷನ್ ಮಾಹಿತಿ ಹಕ್ಕು ಕಾಯ್ದೆಯ 8(1)(ಜೆ)ಯನ್ನು ತಿದ್ದಿ, ವೈಯಕ್ತಿಕ ಮಾಹಿತಿ ಎಂಬ ಕಾರಣ ಕೊಟ್ಟು ಕಚೇರಿಗಳು ಉತ್ತರ ನಿರಾಕರಿಸುವುದನ್ನು ಸುಲಭ ಮಾಡಿದೆ. ಹಿಂದೆ ಆ ಉಪವಾಕ್ಯದ ಒಳಗೇ ಸಾರ್ವಜನಿಕ ಹಿತದ ಮಾತಿತ್ತು, ಈಗ 8(2)ರ ಬಾಗಿಲಿನಿಂದಲೇ ಅದನ್ನು ಕೇಳಬೇಕು. ಹೀಗೆ ಖಾಸಗಿತನದ ಹೆಸರಿನಲ್ಲಿ ಕಟ್ಟಿದ ಕಾಯ್ದೆ ಅಧಿಕಾರಿಗೆ ಒಂದು ಕೊಡೆ ಕೊಟ್ಟಿತು. ಸಾಲಿನಲ್ಲಿ ನಿಂತ ಹೆಂಗಸು ಮಳೆಯಲ್ಲೇ ಉಳಿದಳು.

ಹಾಗಾದರೆ ಹೆಸರು ಮರೆಮಾಡಿ ಬರೆಯಬಹುದಲ್ಲ ಎನ್ನುತ್ತಾರೆ. ಕೊಡಗಿನ ಹೆಂಗಸರಿಗೆ ಆ ದಾರಿ ಹಳೆಯದು. 1912ರಲ್ಲಿ ಮಡಿಕೇರಿಯಲ್ಲಿ ಹುಟ್ಟಿ, 1939ರಲ್ಲಿ ಇಪ್ಪತ್ತೇಳಕ್ಕೇ ತೀರಿಹೋದ ಗೌರಮ್ಮ, ವಿಧವೆಯರ, ಕೈಬಿಟ್ಟ ಹೆಂಗಸರ ಕತೆಗಳ ಕೆಳಗೆ ಹಾಕುತ್ತಿದ್ದ ಹೆಸರು 'ಮಿಸೆಸ್ ಬಿ.ಟಿ.ಜಿ. ಕೃಷ್ಣ'. ಗಂಡನ ಹೆಸರಿನ ಹಿಂದೆ ನಿಂತು ಅವರು ಆಡಿದ ಮಾತು ಅಂದಿನ ಎಷ್ಟೋ ಗಂಡಸರಿಗಿಂತ ನೇರವಾಗಿತ್ತು. ಕತೆಗೆ ಆ ಅವಕಾಶವಿದೆ, ಅಲ್ಲಿ ಪಾತ್ರಗಳಿಗೆ ಬೇರೆ ಊರು ಕೊಡಬಹುದು. ತನ್ನದೇ ಬದುಕನ್ನು ತನ್ನದೆಂದೇ ಹೇಳುವ ಬರಹಕ್ಕೆ ಅಷ್ಟು ಸಲೀಸಿಲ್ಲ.

ಅಪ್ಪನ ಬಗ್ಗೆ ಬರೆದದ್ದನ್ನು ಹೊರಗೆ ಹಾಕುವ ಮೊದಲು ಅಮ್ಮನಿಗೆ ಓದಿ ಹೇಳಿದ್ದೆ. ಕುಡಿತದ ಭಾಗ ತೆಗಿ ಎನ್ನಬಹುದು ಅಂದುಕೊಂಡಿದ್ದೆ. ಅವರು ತೆಗೆಸಿದ್ದು ಬೇರೆ ಒಂದೇ ವಾಕ್ಯವನ್ನು. ನನ್ನ ಕಣ್ಣಿಗೆ ಅದರಲ್ಲಿ ಏನೂ ಇರಲಿಲ್ಲ, ಅವರಿಗೆ ಎಲ್ಲವೂ ಅದರಲ್ಲೇ ಇತ್ತು. ತೆಗೆದೆ. ದೊಡ್ಡಪ್ಪ ಪೂರ್ತಿ ಅಳಿಸು ಎಂದರು. ಅದನ್ನು ಮಾಡಲಿಲ್ಲ.

ಕೆಲವು ತಿಂಗಳ ಹಿಂದೆ ಬಂಧುಗಳ ಮನೆಯ ಒಂದು ಹಬ್ಬದಲ್ಲಿ, ಊಟ ಮುಗಿದು ಪಾತ್ರೆ ತೊಳೆಯುವ ಹೊತ್ತಿಗೆ ನಮ್ಮ ಬಳಗದ ಒಬ್ಬಳು ಹತ್ತಿರ ಬಂದು ಕೇಳಿದಳು, 'ಅಕ್ಕ, ಹೆಸರು ಹಾಕದೆ ಬರೆದರೆ ಗೊತ್ತಾಗುತ್ತದಾ?' ಗೊತ್ತಾಗುತ್ತದೆ ಎಂದೆ. ಸುಳ್ಳು ಹೇಳಲು ಮನಸ್ಸಾಗಲಿಲ್ಲ. ಅವಳು ನಲ್ಲಿ ನಿಲ್ಲಿಸಿ ಸ್ವಲ್ಪ ಹೊತ್ತು ಸುಮ್ಮನಿದ್ದು, 'ಆದರೂ ಕಾನೂನಿನಲ್ಲಿ ಎಂತ ಇದೆ, ಹೇಳು' ಅಂದಳು. ಈ ಬರಹದ ಅರ್ಧದಷ್ಟು ಆ ರಾತ್ರಿ ಅವಳಿಗೆ ಹೇಳಿದ್ದೇ. ಇದನ್ನು ಇಲ್ಲಿ ಬರೆಯಬಹುದಾ ಎಂದು ಆಮೇಲೆ ಕೇಳಿದೆ. ಹಬ್ಬ ಯಾವುದು, ಮನೆ ಯಾರದು, ನಾನು ನಿನಗೆ ಏನಾಗಬೇಕು ಎಂಬುದನ್ನು ಮಾತ್ರ ಹೇಳಬೇಡ ಎಂದಳು.